ಪದ್ಮಿನಿಯ ತಳದ ತಗಡು

ಹಳೆಯ ಕಾರೊಂದನ್ನು ಮೂಲ ಸ್ಥಿತಿಗೆ ತರುವ ಕೆಲಸದಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಬಣ್ಣ, ಹೊಳೆಯುವ ಬಂಪರು ಮತ್ತು ಸೀಟಿನ ಹೊದಿಕೆಗಳಾದರೂ, ಆ ಕಾರು ಇನ್ನೆಷ್ಟು ಕಾಲ ಬಾಳುತ್ತದೆ ಎಂಬುದನ್ನು ನಿರ್ಧರಿಸುವುದು ರಬ್ಬರ್ ಮ್ಯಾಟಿನ ಅಡಿಯಲ್ಲಿ ಮರೆಯಾಗಿರುವ ತಳದ ತಗಡು. ಗ್ಯಾರೇಜಿನವರು ಇದನ್ನು ಫ್ಲೋರ್ ಎನ್ನುತ್ತಾರೆ. ಜೀಪಿನಲ್ಲಿಯೂ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿಯೂ ಬಾಡಿಯ ಕೆಳಗೆ ಉಕ್ಕಿನ ಚಾಸಿ ಬೇರೆಯೇ ಆಗಿ ಇರುತ್ತಿದ್ದುದರಿಂದ, ತಳದಲ್ಲಿ ತೂತು ಬಿದ್ದರೂ ವಾಹನದ ಮೂಲ ಬಲ ಅಷ್ಟಾಗಿ ಕುಂದುತ್ತಿರಲಿಲ್ಲ. ಪ್ರೀಮಿಯರ್ ಪದ್ಮಿನಿ ಮತ್ತು ಅಂಬಾಸಿಡರ್ ಕಾರುಗಳ ಸಂಗತಿ ಬೇರೆ. ಇವು ಮಾನೊಕಾಕ್ ರಚನೆಯ ಕಾರುಗಳು, ಅಂದರೆ ತಳ, ಬದಿಯ ತೊಲೆಗಳು, ಬಾಗಿಲ ಕಂಬಗಳು ಮತ್ತು ಚಾವಣಿ ಇವೆಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಟ್ಟಾಗಿ ಭಾರ ಹೊರುವ ಒಂದೇ ಪೆಟ್ಟಿಗೆಯಂತೆ ಕಟ್ಟಲ್ಪಟ್ಟವು. ಬೆಂಕಿಪೊಟ್ಟಣದ ಒಳಗಿನ ಡಬ್ಬಿಯ ತಳ ಹರಿದುಹೋದಾಗ ಅದರ ನಾಲ್ಕು ಗೋಡೆಗಳು ಬೆರಳು ತಾಗಿದರೆ ಸಾಕು ಓರೆಯಾಗುವಂತೆ, ತಳ ಕೊಳೆತ ಪದ್ಮಿನಿಯ ಒಡಲೂ ಹಳ್ಳ ದಿಣ್ಣೆಗಳ ರಸ್ತೆಯಲ್ಲಿ ನಿಧಾನವಾಗಿ ತಿರುಚಿಕೊಳ್ಳತೊಡಗುತ್ತದೆ. ಬಾಗಿಲು ಮುಚ್ಚಲು ಒಮ್ಮೆ ಎತ್ತಿ ತಳ್ಳಬೇಕಾಗಿ ಬರುವುದು ಅದರ ಮೊದಲ ಲಕ್ಷಣ.

ಇಟಲಿಯ ಫಿಯಟ್ 1100 ಕಾರಿನ ಭಾರತೀಯ ರೂಪವಾದ ಈ ಕಾರು ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಹೊರಬಂದು, 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. 1089 ಸಿ.ಸಿ. ಎಂಜಿನ್, ಸ್ಟಿಯರಿಂಗ್ ಕಂಬಕ್ಕೇ ಜೋಡಿಸಿದ ಗೇರು, ಮುಂದೆ ಬೆಂಚಿನಂಥ ಒಂದೇ ಸೀಟು, ಹಿಂದೆ ಪಟ್ಟಿ ಸ್ಪ್ರಿಂಗು, ಇವಿಷ್ಟು ಅದರ ಗುರುತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯುವವರೆಗೆ ಮಧ್ಯಮ ವರ್ಗದವರ ಕಾರಿನ ಆಯ್ಕೆ ಬಹುಮಟ್ಟಿಗೆ ಪದ್ಮಿನಿ ಮತ್ತು ಅಂಬಾಸಿಡರ್ ಎಂಬ ಎರಡು ಹೆಸರುಗಳಲ್ಲಿ ಮುಗಿಯುತ್ತಿತ್ತು. ಅವಕ್ಕೂ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಮುಂಬಯಿಯಲ್ಲಿ ನೋಂದಣಿಯಾದ ಕೊನೆಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಯು 20 ವರ್ಷಗಳ ಮಿತಿಯನ್ನು ಮುಟ್ಟಿ 2023ರ ಅಕ್ಟೋಬರ್ ಕೊನೆಯಲ್ಲಿ ಸೇವೆಯಿಂದ ನಿವೃತ್ತವಾದಾಗ ಪತ್ರಿಕೆಗಳು ಅದನ್ನು ಒಂದು ಯುಗದ ಅಂತ್ಯವೆಂದು ಬರೆದವು. ಅದೇ ಹೊತ್ತಿಗೆ, ಅಜ್ಜ ಅಥವಾ ತಂದೆ ಓಡಿಸಿದ ಪದ್ಮಿನಿಯನ್ನು ಹಟ್ಟಿಯ ಮೂಲೆಯಿಂದ ಹೊರಗೆಳೆದು ಸರಿಪಡಿಸಿಕೊಳ್ಳಬೇಕೆಂಬ ಆಸೆಯೂ ಕರ್ನಾಟಕದ ಊರೂರುಗಳಲ್ಲಿ ಹೆಚ್ಚಿತು. ಅಂಥ ಕಾರುಗಳನ್ನು ಬಿಚ್ಚಿದಾಗಲೆಲ್ಲ ಮೊದಲು ಎದುರಾಗುವ ಪ್ರಶ್ನೆ ತಳದ್ದೇ.

ಈ ಬರಹದ ಲೇಖಕನಿಗೆ ತನ್ನ ಎಳವೆಯ ದುಡಿಮೆಯ ದಿನಗಳನ್ನು ಮತ್ತೆ ಕಣ್ಣೆದುರು ತಂದದ್ದು ಇಂಥದೇ ಒಂದು ಪದ್ಮಿನಿ. ಕರಾವಳಿಯ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಏರಿಸಿ ನಿಲ್ಲಿಸಿದ್ದ ಆ ಕಾರಿನ ಎಡಬದಿಯ ತಳವನ್ನು ಕತ್ತರಿಸಿ ಹೊರಗಿಟ್ಟಿದ್ದರು. ಕತ್ತರಿಸಿದ ಅಂಚಿನಲ್ಲಿ ತಗಡಿನ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು: ಎಲ್ಲಕ್ಕೂ ಕೆಳಗೆ ಕಾರ್ಖಾನೆಯ ಮೂಲ ತಗಡು, ಹಪ್ಪಳದಂತೆ ಪುಡಿಯಾಗುವ ಸ್ಥಿತಿಯಲ್ಲಿ, ಅದರ ಮೇಲೆ ಡಾಂಬರು ಡ್ರಮ್ಮನ್ನು ಸೀಳಿ ಬಡಿದು ಚಪ್ಪಟೆ ಮಾಡಿದ ತೇಪೆ, ಅದರ ಮೇಲೆ ಮತ್ತೊಂದು ಕಾಲದ ಇನ್ನೊಂದು ತೇಪೆ, ಎಲ್ಲವನ್ನೂ ಮುಚ್ಚಿದ ಗಟ್ಟಿ ಟಾರಿನ ಲೇಪ. ನಡುವಣ ತೇಪೆಯ ಮೂಲೆಯಲ್ಲಿ ಹಿತ್ತಾಳೆಯ ಬೆಸುಗೆಯ ಗೆರೆಯು ತಿರುವಿನಲ್ಲಿ ನಿಲ್ಲದೆ ಸ್ವಲ್ಪ ಮುಂದೆ ಹೋಗಿ ಹಿಂದಕ್ಕೆ ಮಡಚಿಕೊಂಡಿತ್ತು. ಮೂಲೆಯಲ್ಲಿ ಬೆಸುಗೆ ಬಿಟ್ಟುಕೊಳ್ಳಬಾರದೆಂದು ಹಾಗೆ ಮುಗಿಸುವ ಅಭ್ಯಾಸ ಇದ್ದದ್ದು, ಲೇಖಕನು ಬಲ್ಲಮಟ್ಟಿಗೆ, ಆ ಸೀಮೆಯ ಒಬ್ಬನೇ ಮೇಸ್ತ್ರಿಗೆ.

1980ರ ದಶಕದ ಆರಂಭದಲ್ಲಿ ಆ ಮೇಸ್ತ್ರಿಯ ಶೆಡ್ಡು ಕರಾವಳಿಯ ಒಂದು ತಾಲ್ಲೂಕು ಕೇಂದ್ರದ ಹೊರಬದಿಯಲ್ಲಿ, ಹೆದ್ದಾರಿಗೆ ತಾಗಿಕೊಂಡು ಇತ್ತು. ಮಡಲಿನ ಮಾಡು, ಅರ್ಧ ಎತ್ತರದ ಕೆಂಪುಕಲ್ಲಿನ ಗೋಡೆ, ಹಿಂದೆ ಒಂದು ಬಾವಿ. ಅಲ್ಲಿ ಎಂಜಿನ್ನಿನ ಕೆಲಸ ನಡೆಯುತ್ತಿರಲಿಲ್ಲ. ನಡೆಯುತ್ತಿದ್ದುದು ಟಿಂಕರಿಂಗ್ ಮಾತ್ರ, ಅಂದರೆ ಬಾಡಿಯ ತಗಡನ್ನು ಬಡಿದು, ಕತ್ತರಿಸಿ, ಬೆಸೆದು ಸರಿಪಡಿಸುವ ಕೆಲಸ. ಏಳನೆಯ ತರಗತಿಯ ಬಳಿಕ ಶಾಲೆ ಬಿಟ್ಟ ಲೇಖಕನು ಅಲ್ಲಿ ಹೆಲ್ಪರ್ ಆಗಿ ಸೇರಿದಾಗ ಅವನಿಗೆ ಮೊದಲು ವಹಿಸಿದ್ದು ಕಾರ್ಬೈಡ್ ತುಂಬುವ ಕೆಲಸ. ಬೆಸುಗೆಗೆ ಬೇಕಾದ ಅಸಿಟಿಲೀನ್ ಅನಿಲವನ್ನು ಆಗ ಸಣ್ಣ ಶೆಡ್ಡುಗಳಲ್ಲಿ ಸಿಲಿಂಡರಿನಿಂದ ಪಡೆಯುತ್ತಿರಲಿಲ್ಲ. ಉಕ್ಕಿನ ಡ್ರಮ್ಮೊಂದರಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಕಲ್ಲುಗಳ ಮೇಲೆ ನೀರು ಬಿಟ್ಟು ಅಲ್ಲಿಯೇ ತಯಾರಿಸಿಕೊಳ್ಳುತ್ತಿದ್ದರು. ಅನಿಲ ಹೊರಟುಹೋದ ಮೇಲೆ ಉಳಿಯುವ ಸುಣ್ಣದ ರಾಡಿಯನ್ನು ಹೊರಗೆ ಚೆಲ್ಲಿ ಚೆಲ್ಲಿ ಶೆಡ್ಡಿನ ಹಿಂಬದಿಯ ಮಣ್ಣೆಲ್ಲ ಬೆಳ್ಳಗಾಗಿತ್ತು. ಕಾರ್ಬೈಡಿನ ಬೆಳ್ಳುಳ್ಳಿಯಂಥ ಘಾಟು ಅಂಗಿಗೆ, ಕೂದಲಿಗೆ, ಬುತ್ತಿಯ ಅನ್ನಕ್ಕೂ ಹತ್ತುತ್ತಿತ್ತು.

ಮೇಸ್ತ್ರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ತಳ ಎಲ್ಲಿಯವರೆಗೆ ಕೊಳೆತಿದೆ ಎಂಬುದನ್ನು ಅವನು ಮ್ಯಾಟನ್ನು ಪೂರ್ತಿ ಎತ್ತುವ ಮೊದಲೇ ಹೇಳುತ್ತಿದ್ದನು. ಕಾರಿನ ಅಡಿಗೆ ಗೋಣಿ ಹಾಸಿ ಮಲಗಿ, ಚಿಕ್ಕ ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೂ ತಟ್ಟುತ್ತಾ ಹೋಗುವುದು ಅವನ ಪರೀಕ್ಷೆಯ ಕ್ರಮ. ಗಟ್ಟಿ ತಗಡಿನ ದನಿ ಚುರುಕಾಗಿ ಮರಳುತ್ತದೆ, ತುಕ್ಕಿನಿಂದ ಪದರು ಬಿಟ್ಟ ತಗಡು ಮಂಕಾಗಿ ಸದ್ದು ಮಾಡುತ್ತದೆ, ಟಾರಿನ ಲೇಪದ ಹಿಂದೆ ತಗಡೇ ಇಲ್ಲದಿದ್ದರೆ ಸುತ್ತಿಗೆ ಸ್ವಲ್ಪ ಒಳಗೆ ತಗ್ಗುತ್ತದೆ. ಹುಡುಗನು ಬ್ಯಾಟರಿ ಬಿಟ್ಟುಕೊಂಡು ಬಣ್ಣ ನೋಡಲು ಹೊರಟರೆ, “ನೋಡುವುದು ಬೇಡ ಮಾರಾಯ, ಬಡಿದು ಕೇಳು” ಎಂದು ಗದರುತ್ತಿದ್ದನು. ಇಂದು ತಗಡಿನ ದಪ್ಪವನ್ನು ಅಳೆಯುವ ಉಪಕರಣಗಳು ದೊರೆಯುತ್ತವೆ; ಆದರೂ ಹಲವು ಪದರಗಳ ತೇಪೆ ಇರುವಲ್ಲಿ ಒಳಗಿನ ಸ್ಥಿತಿಯನ್ನು ತಿಳಿಯಲು ಸುತ್ತಿಗೆಯಷ್ಟು ನಂಬಿಕೆಗೆ ಅರ್ಹವಾದದ್ದು ಬೇರೊಂದಿಲ್ಲವೆಂಬುದು ಲೇಖಕನ ದೃಢವಾದ ಅಭಿಪ್ರಾಯ.

ಕರಾವಳಿಯಲ್ಲಿ ಇಂಥ ಶೆಡ್ಡುಗಳಿಗೆ ಕೆಲಸದ ಕೊರತೆ ಬೀಳದಿರಲು ಹವೆಯೇ ಕಾರಣ. ಮಂಗಳೂರಿನ ಸುತ್ತ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪುಗಾಳಿ. ತಳ ಕೊಳೆಯುವುದು ರಸ್ತೆಯಿಂದ ಚಿಮ್ಮುವ ನೀರಿನಿಂದ ಎಂದು ಕಾರಿನ ಒಡೆಯರು ನಂಬಿದ್ದರು, ಆದರೆ ಪದ್ಮಿನಿಯ ತಳ ಬಹುತೇಕ ಒಳಗಿನಿಂದಲೇ ಕೊಳೆಯುತ್ತಿತ್ತು. ಮುಂಗಾಜಿನ ಸುತ್ತಲಿನ ರಬ್ಬರ್ ಬೀಡಿಂಗು ಬಿಸಿಲಿಗೆ ಬಿರುಸಾಗಿ ಸೀಳುಬಿಟ್ಟಾಗ ಮಳೆನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಇಳಿದು ಕಾಲಿಡುವ ತಗ್ಗಿಗೆ ಬರುತ್ತದೆ. ಬಾಗಿಲಿನ ಗಾಜಿನ ಸಂದಿನಲ್ಲಿ ಇಳಿಯುವ ನೀರು ಹೊರಹೋಗಲೆಂದು ಬಾಗಿಲ ತಳದಲ್ಲಿ ಬಿಟ್ಟ ಕಿಂಡಿಗಳು ಮಣ್ಣು ಕಟ್ಟಿದರೆ ಆ ನೀರೂ ಒಳಗೇ ಹರಿಯುತ್ತದೆ. ಹೀಗೆ ಬಂದ ನೀರನ್ನು ಮ್ಯಾಟಿನ ಕೆಳಗಿನ ಸೆಣಬಿನ ಹಾಸು ಹೀರಿಕೊಂಡು, ಮೇಲಿನ ರಬ್ಬರು ಅದನ್ನು ಆರಲು ಬಿಡದೆ, ವಾರಗಟ್ಟಲೆ ತಗಡಿಗೆ ಒತ್ತಿ ಹಿಡಿದಿರುತ್ತದೆ. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಂದಿಗೆ ಕೂಡಿ ತುಕ್ಕಾಗುವಾಗ ಅದರ ಗಾತ್ರ ಮೂಲ ಕಬ್ಬಿಣದ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಎರಡು ತಗಡುಗಳು ಕೂಡುವ ಅಂಚಿನಲ್ಲಿ ತುಕ್ಕು ಹುಟ್ಟಿತೆಂದರೆ ಅದು ಉಬ್ಬಿ, ಕಾರ್ಖಾನೆಯಲ್ಲಿ ವಿದ್ಯುತ್ತಿನ ಒತ್ತು ಬೆಸುಗೆಯಿಂದ ಕೂಡಿಸಿದ ಚುಕ್ಕೆಗಳನ್ನು ಒಂದೊಂದಾಗಿ ಸೀಳಿ ಬಿಡಿಸುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಈ ಕ್ರಿಯೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಬಯಲುಸೀಮೆಯ ಪದ್ಮಿನಿಗಳು ಬಣ್ಣ ಕಳೆದುಕೊಂಡರೂ ತಳ ಉಳಿಸಿಕೊಂಡಿರುವುದು, ಕರಾವಳಿಯವು ಹೊರಗೆ ಮಿರುಗುತ್ತಲೇ ಒಳಗೆ ಜೊಳ್ಳಾಗಿರುವುದು ಈ ಕಾರಣದಿಂದ.

ಇದಕ್ಕೆ ಅಂದಿನ ಶೆಡ್ಡುಗಳು ಕಂಡುಕೊಂಡ ಪರಿಹಾರ ತೇಪೆ. ಕೊಳೆತ ಭಾಗದ ಸಡಿಲ ತುಕ್ಕನ್ನು ಉಳಿಯಿಂದ ಕೆರೆದು, ಅದಕ್ಕಿಂತ ನಾಲ್ಕು ಬೆರಳು ದೊಡ್ಡದಾದ ತಗಡನ್ನು ಮೇಲಿನಿಂದ ಹೊದಿಸಿ, ಅಂಚುಗಳನ್ನು ಗ್ಯಾಸಿನಿಂದ ಬೆಸೆಯುತ್ತಿದ್ದರು. ಹೊಸ ತಗಡಿನ ಬೆಲೆ ಹೆಚ್ಚೆಂದು ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ಡ್ರಮ್ಮುಗಳನ್ನು ಗುಜರಿಯಿಂದ ತಂದು ಸೀಳುತ್ತಿದ್ದರು. ಅವುಗಳ ಒಳಬದಿಯಲ್ಲಿ ಅಂಟಿದ ಡಾಂಬರನ್ನು ಸುಟ್ಟು ತೆಗೆಯುವುದೂ ಹುಡುಗರ ಪಾಲಿನ ಕೆಲಸ. ಮೂಲ ತಗಡು ತೀರಾ ತೆಳುವಾಗಿ ಉಕ್ಕಿನ ಬೆಸುಗೆಯ ಶಾಖಕ್ಕೆ ಕರಗಿಹೋಗುವಂತಿದ್ದರೆ, ಅದಕ್ಕಿಂತ ಕಡಿಮೆ ಶಾಖದಲ್ಲಿ ಕರಗುವ ಹಿತ್ತಾಳೆಯ ಕಡ್ಡಿಯನ್ನು ಬಿಳಿಗಾರದಲ್ಲಿ ಅದ್ದಿ, ಅಂಚಿನುದ್ದಕ್ಕೂ ಹರಿಸಿ ಅಂಟಿಸುತ್ತಿದ್ದರು. ಬ್ರೇಜಿಂಗ್ ಎನ್ನುವುದು ಇದನ್ನೇ. ಮೇಸ್ತ್ರಿಯ ಕೈಯಲ್ಲಿ ಈ ಹಿತ್ತಾಳೆಯ ಗೆರೆ ಅಳತೆಪಟ್ಟಿ ಇಟ್ಟು ಎಳೆದಷ್ಟು ಸಮನಾಗಿ ಓಡುತ್ತಿತ್ತು. ಗ್ಯಾಸಿನ ಜ್ವಾಲೆಯ ಶಾಖ ಸುತ್ತಲೂ ಹರಡಿ ತಗಡು ಡೊಂಕಾಗುವುದನ್ನು ತಡೆಯಲು, ಕಾದ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಒದ್ದೆ ಬಟ್ಟೆ ಒತ್ತಿ ಸಂಕುಚಿಸುವ ಅವನ ಚಾತುರ್ಯವನ್ನು ನೋಡಲು ಬೇರೆ ಶೆಡ್ಡಿನವರು ಬಂದು ನಿಲ್ಲುತ್ತಿದ್ದರು. ಕೊನೆಗೆ ಬಿಸಿ ಟಾರನ್ನು ಮೇಲೆ ಕೆಳಗೆ ಬಳಿದರೆ ಕೆಲಸ ಮುಗಿಯಿತು. “ಡಾಕ್ಟರೇ, ಇನ್ನೆರಡು ಮಳೆಗಾಲಕ್ಕೆ ಎಂತ ತೊಂದರೆ ಇಲ್ಲ” ಎಂದು ಅವನು ಊರಿನ ವೈದ್ಯರಿಗೆ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಎರಡು ಮಳೆಗಾಲ ಅದು ನಿಶ್ಚಯವಾಗಿ ತಡೆಯುತ್ತಿತ್ತು.

ಆ ಶೆಡ್ಡಿಗೆ ಬರುತ್ತಿದ್ದವರನ್ನು ನೆನೆದರೆ ಅಂದಿನ ಕಾರು ಎಂಥ ವಸ್ತುವಾಗಿತ್ತು ಎಂಬುದು ತಿಳಿಯುತ್ತದೆ. ಹಳ್ಳಿಹಳ್ಳಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಆ ವೈದ್ಯರಿಗೆ ಪದ್ಮಿನಿಯೇ ಕಾಲು. ಬಸ್ಸಿಲ್ಲದ ಒಳದಾರಿಗಳಲ್ಲಿ ತಲೆಗಿಷ್ಟೆಂದು ಹಣ ಪಡೆದು ಓಡುವ ಬಾಡಿಗೆ ಅಂಬಾಸಿಡರುಗಳಲ್ಲಿ ಹತ್ತು ಹನ್ನೆರಡು ಮಂದಿ ತುಂಬಿಕೊಳ್ಳುತ್ತಿದ್ದರು. ಅವುಗಳ ತಳಕ್ಕೆ ಬೀಳುತ್ತಿದ್ದ ಭಾರವನ್ನು ವಿನ್ಯಾಸ ಮಾಡಿದವರು ಎಣಿಸಿರಲಾರರು. ಮದುವೆಯ ಕಾಲದಲ್ಲಿ ಒಂದು ವಾರ ಕಾರು ನಿಂತರೆ ಅದರ ಒಡೆಯನ ಮನೆಯಲ್ಲಿ ಸಾಲ ಏರುತ್ತಿತ್ತು. ಇಡೀ ತಳವನ್ನು ಬದಲಿಸಲು ತಿಂಗಳು ಹಿಡಿಯುತ್ತದೆ ಎಂದರೆ ಒಪ್ಪುವ ಗಿರಾಕಿ ಆ ಊರಿನಲ್ಲಿ ಇರಲಿಲ್ಲ, ಒಪ್ಪಿದರೂ ತಳದ ಸಿದ್ಧ ಬಿಡಿಭಾಗ ಆ ಊರಿಗೆ ಬರುತ್ತಿರಲಿಲ್ಲ. ಬಾಡಿಗೆ ಕಾರಿನವನು ರಾತ್ರಿ ತಂದು ಬೆಳಿಗ್ಗೆ ಒಯ್ಯುತ್ತಿದ್ದನು. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ತೇಪೆ ಬೀಳುತ್ತಿತ್ತು. ಮೇಸ್ತ್ರಿ ಮಾಡಿದ್ದು ಬಡತನಕ್ಕೆ ಒಗ್ಗಿದ ಕಸುಬು, ಮತ್ತು ಅದರ ಬಲದಿಂದಲೇ ಆ ತಾಲ್ಲೂಕಿನ ಎಷ್ಟೋ ರೋಗಿಗಳು ಆಸ್ಪತ್ರೆ ಮುಟ್ಟಿದರು ಎಂಬುದನ್ನು ಯಾವ ವಿಮರ್ಶೆಯೂ ಅಲ್ಲಗಳೆಯಬಾರದು.

ಹಾಗೆಂದು ಆ ಕೆಲಸವನ್ನು ಸರಿಯಾದ ಕೆಲಸವೆನ್ನುವಂತಿಲ್ಲ. ಇಂದು ಕತ್ತರಿಸಿ ತೆಗೆದ ಆ ಪದರಗಳೇ ಅದಕ್ಕೆ ಸಾಕ್ಷಿ. ಕೊಳೆತ ತಗಡನ್ನು ಕತ್ತರಿಸದೆ ಅದರ ಮೇಲೆ ಹೊಸದನ್ನು ಹೊದಿಸಿದಾಗ ಎರಡರ ನಡುವೆ ಗಾಳಿಯಾಡದ, ಆದರೆ ನೀರು ನುಸುಳುವ ಒಂದು ಸಂದು ಉಳಿಯುತ್ತದೆ. ಬೆಸುಗೆಯ ಶಾಖಕ್ಕೆ ಅಲ್ಲಿನ ಬಣ್ಣವೂ ಸುಟ್ಟುಹೋಗಿರುವುದರಿಂದ ತಗಡು ಬರಿಮೈಯಾಗಿರುತ್ತದೆ, ಮೇಲಿನ ಟಾರು ತೇವವನ್ನು ಹೊರಬಿಡುವುದಿಲ್ಲ. ಹೀಗಾಗಿ ತೇಪೆಯು ತುಕ್ಕನ್ನು ತಡೆಯುವ ಬದಲು ಅದಕ್ಕೆ ಮನೆ ಮಾಡಿಕೊಡುತ್ತಿತ್ತು. ಇದಕ್ಕಿಂತ ಗಂಭೀರವಾದದ್ದು ಬಲದ ಪ್ರಶ್ನೆ. ಮುಂದಿನ ಸೀಟಿನ ಬೋಲ್ಟುಗಳು ತಳಕ್ಕೇ ಹಿಡಿದಿರುತ್ತವೆ, ಜಾಕ್ ಕೊಡುವ ಜಾಗ ತಳದ ಅಂಚಿನಲ್ಲಿರುತ್ತದೆ, ಪಟ್ಟಿ ಸ್ಪ್ರಿಂಗಿನ ಮುಂತುದಿ ತಳದ ಹಿಂಭಾಗದ ತೊಲೆಗೆ ತೂಗಿಕೊಂಡಿರುತ್ತದೆ. ಟಿಂಕರರು ರನ್ನಿಂಗ್ ಬೋರ್ಡ್ ಎಂದು ಕರೆಯುವ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಟೊಳ್ಳು ತೊಲೆಯಂತೂ ಇಡೀ ಕಾರಿನ ಬೆನ್ನುಮೂಳೆಯ ಅರ್ಧ. ಅಲ್ಲೆಲ್ಲ ಕೊಳೆತ ತಗಡಿನ ಮೇಲೆ ಹಿತ್ತಾಳೆಯಿಂದ ಅಂಟಿಸಿದ ತೇಪೆಯು ಅಪಘಾತದ ಹೊಡೆತಕ್ಕೆ ಕಾಗದದಷ್ಟೂ ನಿಲ್ಲದು. ಒಂದು ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟಿನ ಮುಂದೆ ನಿಂತು ಪಯಣಿಸುತ್ತಿದ್ದ ಶಾಲೆಯ ಮಕ್ಕಳು, ಮ್ಯಾಟಿನ ಮೂಲೆ ಎತ್ತಿ ಕೆಳಗೆ ಓಡುವ ರಸ್ತೆಯನ್ನು ನೋಡುವುದನ್ನೇ ಆಟ ಮಾಡಿಕೊಂಡಿದ್ದರು. ಆಗ ಅದು ಎಲ್ಲರಿಗೂ ನಗೆಯ ಸಂಗತಿಯಾಗಿತ್ತು; ಈಗ ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಮತ್ತೊಂದು ಸಂಗತಿಯನ್ನೂ ನೇರವಾಗಿ ಹೇಳಬೇಕಾಗುತ್ತದೆ. ಆ ಶೆಡ್ಡಿನ ಕೆಲಸ ನಿಂತಿದ್ದದ್ದು ಮಕ್ಕಳ ದುಡಿಮೆಯ ಮೇಲೆ. ಗ್ಯಾಸ್ ಕನ್ನಡಕ ಇದ್ದದ್ದು ಒಂದೇ, ಅದು ಮೇಸ್ತ್ರಿಯದು. ಹುಡುಗರು ಜ್ವಾಲೆಯಿಂದ ಮುಖ ತಿರುಗಿಸಿಕೊಂಡು ತಗಡು ಹಿಡಿಯುತ್ತಿದ್ದರು. ಸುಡುವ ಡಾಂಬರಿನ ಹೊಗೆ, ತವರ ಬೆಸುಗೆಯಲ್ಲಿನ ಸೀಸದ ಆವಿ, ಉಜ್ಜಿದ ತುಕ್ಕಿನ ಧೂಳು ಇವುಗಳಿಂದ ಎಳೆಯ ಶ್ವಾಸಕೋಶಕ್ಕೆ ಏನಾಗುತ್ತದೆ ಎಂದು ಯೋಚಿಸಿದವರು ಅಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಕೆಟ್ಟವನಾಗಿರಲಿಲ್ಲ; ಮಧ್ಯಾಹ್ನ ತನ್ನ ಮೀನಿನ ಸಾರನ್ನು ಎಲ್ಲ ಹುಡುಗರಿಗೂ ಬಡಿಸುತ್ತಿದ್ದನು, ಹಬ್ಬಕ್ಕೆ ಅಂಗಿ ಕೊಡಿಸುತ್ತಿದ್ದನು, ಸಂಜೆಯ ತರಗತಿಗೆ ಸೇರಿಕೊಳ್ಳುತ್ತೇನೆಂದ ಲೇಖಕನನ್ನು ತಡೆಯದೆ ಬೇಗ ಬಿಟ್ಟುಕೊಟ್ಟನು. ತಾನೂ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಸುತ್ತಿಗೆ ಹಿಡಿದವನಾದ್ದರಿಂದ ಅವನಿಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ಕಾಯಿದೆಯು, ಮನೆಯವರ ಕಸುಬಿಗೆ ಶಾಲೆಯ ಬಿಡುವಿನಲ್ಲಿ ನೆರವಾಗುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ಎಲ್ಲ ಕಡೆಯೂ ನಿಷೇಧಿಸಿತು. ಹಳೆಯ ಶೆಡ್ಡುಗಳ ಗುರುಶಿಷ್ಯ ಸಂಬಂಧವನ್ನು ಹೊಗಳಿ ಬರೆಯುವವರು ಈ ಕಾಯಿದೆಯಿಂದ ಕಸುಬು ಸತ್ತಿತೆಂದು ಮರುಗುವುದುಂಟು. ಕಸುಬಿನ ಉಳಿವಿಗೆ ಮಕ್ಕಳ ಕಣ್ಣು ಶ್ವಾಸಕೋಶಗಳನ್ನು ತೆರಬೇಕಾಗಿ ಬರುವುದಾದರೆ ಅಂಥ ಕಸುಬಿಗೆ ಬೇರೆ ದಾರಿ ಹುಡುಕುವುದೇ ನ್ಯಾಯ.

ಆ ಬೇರೆ ದಾರಿ ಈಗ ಕಾಣುತ್ತಿರುವುದು, ತಳವನ್ನು ತೇಪೆ ಹಚ್ಚದೆ ಬದಲಿಸುವ ಕ್ರಮದಲ್ಲಿಯೇ. ಆರಂಭದಲ್ಲಿ ಹೇಳಿದ, ಪದ್ಮಿನಿಯನ್ನು ಸ್ಟ್ಯಾಂಡುಗಳ ಮೇಲೇರಿಸಿದ್ದ ವರ್ಕ್‌ಶಾಪನ್ನು ನಡೆಸುತ್ತಿರುವವನು ಮೇಸ್ತ್ರಿಯ ಮಗ. ಅವನು ತಂದೆಯ ಶೆಡ್ಡಿನಲ್ಲಿ ಕೈ ಪಳಗಿಸಿಕೊಂಡು, ಕರಾವಳಿಯ ಅಸಂಖ್ಯ ಯುವಕರಂತೆ ಕೊಲ್ಲಿ ದೇಶಕ್ಕೆ ಹೋಗಿ, ಅಲ್ಲಿನ ಬಾಡಿ ಶಾಪುಗಳಲ್ಲಿ ವರ್ಷಗಟ್ಟಲೆ ದುಡಿದು ಮರಳಿದವನು. ಅವನು ಕೆಲಸ ಆರಂಭಿಸುವುದು ಕತ್ತರಿಸುವುದರಿಂದ ಅಲ್ಲ, ಅಳೆಯುವುದರಿಂದ. ಸೀಟು, ಮ್ಯಾಟು, ವೈರಿಂಗು, ಬ್ರೇಕಿನ ಮತ್ತು ಪೆಟ್ರೋಲಿನ ಕೊಳವೆಗಳನ್ನೆಲ್ಲ ಬಿಚ್ಚಿ, ಬ್ಯಾಟರಿ ಮತ್ತು ಟ್ಯಾಂಕನ್ನು ಹೊರಗಿಟ್ಟ ಮೇಲೆ, ಕಾರನ್ನು ಸಮತಲದಲ್ಲಿ ಸಸ್ಪೆನ್ಶನ್ ಭಾರ ಬೀಳುವ ಜಾಗಗಳಲ್ಲೇ ಆಧಾರ ಕೊಟ್ಟು ನಿಲ್ಲಿಸುತ್ತಾನೆ. ಕೊಳೆತ ರನ್ನಿಂಗ್ ಬೋರ್ಡಿನ ಅಡಿಗೆ ಆಧಾರ ಕೊಟ್ಟರೆ ಕಾರಿನ ತೂಕಕ್ಕೆ ಅದೇ ಮುದುಡುತ್ತದೆ. ಬಾಗಿಲುಗಳ ಸುತ್ತಲಿನ ಸಂದು ಎಲ್ಲೆಲ್ಲಿ ಎಷ್ಟಿದೆ ಎಂದು ಬರೆದುಕೊಂಡು, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಟೇಪು ಹಿಡಿದು ಎರಡೂ ಕರ್ಣಗಳು ಸಮನಾಗಿವೆಯೇ ಎಂದು ನೋಡುತ್ತಾನೆ. ಅನಂತರ ಬಾಗಿಲಿನ ತೆರಪುಗಳಿಗೆ ಅಡ್ಡಡ್ಡ ಚೌಕ ಪೈಪುಗಳನ್ನು ತಾತ್ಕಾಲಿಕವಾಗಿ ಬೆಸೆದು ಬಿಗಿಯುತ್ತಾನೆ. ಬ್ರೇಸಿಂಗ್ ಎಂಬ ಈ ಒಂದು ಹಂತವನ್ನು ಬಿಟ್ಟು ತಳ ಕತ್ತರಿಸಿದ ಕಾರುಗಳ ನಡು ಕುಸಿದು, ಹೊಸ ತಳ ಕೂರಿಸಿದ ಮೇಲೆ ಬಾಗಿಲು ಮುಚ್ಚದೇ ಹೋದ ಉದಾಹರಣೆಗಳಿವೆ. ಒಮ್ಮೆ ಹಾಗೆ ಬೆಸೆದ ಒಡಲನ್ನು ಮತ್ತೆ ನೇರ ಮಾಡುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ.

ಎರಡೂ ಬದಿಯ ತಳವನ್ನು ಒಟ್ಟಿಗೆ ತೆಗೆಯುವುದಿಲ್ಲ. ಒಂದು ಬದಿ ಮುಗಿದು ಗಟ್ಟಿಯಾದ ಮೇಲೆಯೇ ಇನ್ನೊಂದು. ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲಿಗೆ ತಿರುಗುವ ದಂಡವು ಹಾಯಲೆಂದು ನಡುವೆ ಉಬ್ಬಿರುವ ಟನಲ್ ಭಾಗವು ಸಾಮಾನ್ಯವಾಗಿ ಕೊಳೆಯದೆ ಉಳಿದಿರುವುದರಿಂದ ಅದನ್ನು ಹಾಗೆಯೇ ಇಟ್ಟುಕೊಂಡು ಅಳತೆಗೆ ಆಧಾರವಾಗಿ ಬಳಸುತ್ತಾರೆ. ಕೂಡು ಅಂಚುಗಳ ಬೆಸುಗೆ ಚುಕ್ಕೆಗಳನ್ನು ವಿಶೇಷ ಬಿಟ್ಟಿನಿಂದ ಮೇಲಿನ ತಗಡಿನಷ್ಟು ಆಳಕ್ಕೆ ಮಾತ್ರ ಕೊರೆದು, ಕೆಳಗಿನ ತೊಲೆಗೆ ಗಾಯವಾಗದಂತೆ ಹಳೆಯ ತಗಡನ್ನು ಬಿಡಿಸಬೇಕು. ಗಟ್ಟಿ ತಗಡು ಹೊಳೆಯುವವರೆಗೆ ಕತ್ತರಿಸುತ್ತಲೇ ಹೋಗಬೇಕೆಂಬುದು ಇಲ್ಲಿನ ಮುಖ್ಯ ನಿಯಮ. ಇಷ್ಟಕ್ಕೆ ಸಾಕೆಂದು ತುಕ್ಕಿನ ನಡುವೆ ನಿಂತರೆ ಮತ್ತೆ ಹಳೆಯ ಶೆಡ್ಡಿನ ಕಥೆಯೇ.

ಹೊಸ ತಳವನ್ನು ಕೈಯಿಂದಲೇ ಮಾಡಿಕೊಳ್ಳಬೇಕಾಗುತ್ತದೆ. 18 ಅಥವಾ 20 ಗೇಜಿನ, ಅಂದರೆ ಸುಮಾರು 1.2 ಅಥವಾ 0.9 ಮಿಲಿಮೀಟರ್ ದಪ್ಪದ ಸಿ.ಆರ್. ಶೀಟನ್ನು, ಅಂದರೆ ತಣ್ಣಗಿರುವಾಗಲೇ ಉರುಳೆಗಳ ನಡುವೆ ಹಾಯಿಸಿ ತೆಳುಮಾಡಿದ ನಯವಾದ ಉಕ್ಕಿನ ತಗಡನ್ನು, ರಟ್ಟಿನ ಮಾದರಿಯ ಪ್ರಕಾರ ಕತ್ತರಿಸುತ್ತಾರೆ. ಮೂಲ ತಳದಲ್ಲಿ ಕಾಣುವ ಉದ್ದುದ್ದ ಉಬ್ಬುಗೆರೆಗಳು ಅಲಂಕಾರಕ್ಕಾಗಿ ಇದ್ದವಲ್ಲ; ಚಪ್ಪಟೆ ತಗಡು ಕಾಲಿಟ್ಟರೆ ಬಾಗಿ ಸದ್ದು ಮಾಡುತ್ತದೆ, ಗೆರೆ ಎಬ್ಬಿಸಿದ ತಗಡು ಅದೇ ದಪ್ಪದಲ್ಲಿ ಎಷ್ಟೋ ಪಾಲು ಬಿಗಿಯಾಗುತ್ತದೆ. ಹಳೆಯ ಮೇಸ್ತ್ರಿಗಳು ತೇಪೆಗೆ ಇಂಥ ಗೆರೆ ಹಾಕುತ್ತಿರಲಿಲ್ಲ. ಮಗನು ಬೀಡಿಂಗ್ ಯಂತ್ರದ ಉರುಳೆಗಳ ನಡುವೆ ಹಾಯಿಸಿ ಮೂಲದಷ್ಟೇ ಅಂತರಕ್ಕೆ ಗೆರೆ ಎಬ್ಬಿಸುತ್ತಾನೆ, ಆದರೆ ಗೆರೆಯ ತುದಿಗಳನ್ನು ಮುಗಿಸುವುದು ಯಂತ್ರಕ್ಕೆ ಆಗದ್ದರಿಂದ ಮರದ ಅಚ್ಚಿನ ಮೇಲಿಟ್ಟು ತಂದೆಯ ಸುತ್ತಿಗೆಯಿಂದಲೇ ಬಡಿಯುತ್ತಾನೆ. ಬೆಸುಗೆಗೆ ಮಿಗ್ ಯಂತ್ರ ಬಂದಿದೆ. ಇದರಲ್ಲಿ ತೆಳುವಾದ ತಂತಿಯು ತಾನಾಗಿ ಹರಿದುಬಂದು ವಿದ್ಯುತ್ತಿನ ಕಿಡಿಗೆ ಕರಗುತ್ತದೆ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡಿನ ಮಿಶ್ರಣವು ಗಾಳಿ ತಾಗದಂತೆ ಸುತ್ತ ಕವಿದಿರುತ್ತದೆ, ಶಾಖ ಕಡಿಮೆ ಜಾಗದಲ್ಲಿ ಉಳಿಯುತ್ತದೆ. ಹೊಸ ತಗಡಿನ ಅಂಚಿನಲ್ಲಿ ಕಾರ್ಖಾನೆಯ ಚುಕ್ಕೆಗಳಿದ್ದ ಅಂತರಕ್ಕೇ ತೂತು ಕೊರೆದು, ಆ ತೂತುಗಳ ಮೂಲಕ ಕೆಳಗಿನ ತೊಲೆಗೆ ಬೆಸೆದು ತುಂಬುವುದನ್ನು ಪ್ಲಗ್ ವೆಲ್ಡಿಂಗ್ ಎನ್ನುತ್ತಾರೆ. ಒಂದೇ ಕಡೆಯಿಂದ ಸಾಲಾಗಿ ಬೆಸೆಯದೆ, ಇಲ್ಲೊಂದು ಅಲ್ಲೊಂದು ಎಂದು ಜಾಗ ಬದಲಿಸುತ್ತ, ತಗಡು ತಣಿಯಲು ಬಿಡುತ್ತ ಹೋಗುವ ತಾಳ್ಮೆಯನ್ನು ಮಾತ್ರ ಯಂತ್ರ ಕೊಡುವುದಿಲ್ಲ; ಅದು ಒದ್ದೆ ಬಟ್ಟೆ ಒತ್ತುತ್ತಿದ್ದ ತಲೆಮಾರಿನಿಂದ ಬಂದದ್ದು.

ಬೆಸುಗೆಯ ಹಿಂದುಮುಂದಿನ ಕೆಲಸವೇ ತಳದ ಆಯುಷ್ಯವನ್ನು ನಿರ್ಧರಿಸುತ್ತದೆ. ಕೂಡುವ ಮೊದಲೇ ಎರಡೂ ತಗಡುಗಳ ಒಳಮೈಗೆ ಬೆಸುಗೆಯ ಶಾಖವನ್ನು ತಾಳಿಕೊಳ್ಳುವ ಸತುವಿನ ಪ್ರೈಮರ್, ಅನಂತರ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಎಲ್ಲದರ ಮೇಲೆ ಮೆತ್ತನೆಯ ಅಂಡರ್ ಕೋಟಿಂಗ್, ರನ್ನಿಂಗ್ ಬೋರ್ಡಿನ ಟೊಳ್ಳಿನೊಳಗೆ ಮೇಣದ ಸಿಂಪಡಣೆ, ಮತ್ತು ನೀರು ಹೊರಹೋಗುವ ಕಿಂಡಿಗಳನ್ನು ಮುಚ್ಚದೆ ಉಳಿಸುವುದು. ಈ ಕೊನೆಯದನ್ನು ಲೇಖಕನು ಎಲ್ಲಕ್ಕಿಂತ ಹೆಚ್ಚೆಂದು ಎಣಿಸುತ್ತಾನೆ, ಏಕೆಂದರೆ ಹಳೆಯ ಶೆಡ್ಡಿನಲ್ಲಿ ಟಾರು ಬಳಿಯುವಾಗ ಆ ಕಿಂಡಿಗಳನ್ನೂ ಸೇರಿಸಿ ಬಳಿದುಬಿಡುವುದೇ ವಾಡಿಕೆಯಾಗಿತ್ತು.

ಕೆಲಸ ನೋಡಲು ನಿಂತಿದ್ದಾಗ ಮಗನು ಆ ಹಿತ್ತಾಳೆಯ ಗೆರೆಯನ್ನು ತೋರಿಸಿ, “ಅಣ್ಣಾ, ಇದನ್ನು ಕತ್ತರಿಸುವಾಗ ಕೈ ಸ್ವಲ್ಪ ತಡೆಯಿತು” ಎಂದನು. ಕತ್ತರಿಸಿದ್ದು ಸರಿ, ತಂದೆ ಇದ್ದಿದ್ದರೆ ಮೊದಲು ಬೈದು ಆಮೇಲೆ ತಾನೇ ಒಪ್ಪುತ್ತಿದ್ದನು. ವಯಸ್ಸಾದ ಮೇಲೆ ಅವನ ಕಿವಿ ಪೂರ್ತಿ ಮಂದವಾಗಿತ್ತು, ತಗಡಿನ ದನಿಯಿಂದ ರೋಗ ಹಿಡಿಯುತ್ತಿದ್ದವನು ಮನೆಯವರ ಮಾತನ್ನೂ ಕೇಳಿಸಿಕೊಳ್ಳಲಾರದೆ ಹೋದನು. ದಶಕಗಳ ಸುತ್ತಿಗೆಯ ಸದ್ದು ಅದಕ್ಕೆ ಕಾರಣವೆಂದು ತಿಳಿಯಲು ವೈದ್ಯರು ಬೇಕಾಗಿರಲಿಲ್ಲ. ಶೆಡ್ಡಿದ್ದ ಜಾಗದಲ್ಲಿ ಈಗ ಹೆದ್ದಾರಿಯ ಅಗಲೀಕರಣವಾಗಿದೆ. ಮಗನ ವರ್ಕ್‌ಶಾಪಿನಲ್ಲಿ ಪ್ರತಿಯೊಬ್ಬನಿಗೂ ವೆಲ್ಡಿಂಗ್ ಹೆಲ್ಮೆಟ್ಟು, ಕಿವಿಗೆ ಮಫ್, ಮುಖಕ್ಕೆ ಮಾಸ್ಕ್ ಇವೆ. ಕೆಲಸಗಾರರೆಲ್ಲ ವಯಸ್ಕರು, ಇಬ್ಬರು ಐ.ಟಿ.ಐ. ಮುಗಿಸಿದವರು. ಆದರೆ ಈ ಕೆಲಸಕ್ಕೆ ತಗಲುವ ಹಣವನ್ನು ಕೊಡಬಲ್ಲವರು ಇಂದು ಹವ್ಯಾಸಿಗಳು ಮಾತ್ರ. ಕಾರಿನಿಂದಲೇ ಹೊಟ್ಟೆ ಹೊರೆಯುವವನಿಗೆ ಸರಿಯಾದ ತಳ ಅಂದೂ ಎಟುಕಲಿಲ್ಲ, ಇಂದೂ ಎಟುಕದು ಎಂಬ ಮಾತು ಉಳಿದೇ ಇದೆ.

ಕಾನೂನು ಕೂಡ ಈಗ ಈ ಮರೆಯ ಕೆಲಸದತ್ತ ನೋಡುತ್ತಿದೆ. 2021ರ ಜುಲೈಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ‘ವಿಎ’ ಅಕ್ಷರಗಳುಳ್ಳ ಸಂಖ್ಯೆಯಡಿ ನೋಂದಾಯಿಸಬಹುದು. ಆದರೆ ಚಾಸಿ, ಬಾಡಿಯ ಒಡಲು ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. 1974ರ ಮೊದಲ ಪದ್ಮಿನಿಗಳು ಈ ವಯಸ್ಸನ್ನು ಈಗ ತಲುಪಿವೆ. ಮೂಲದ ಗೆರೆ, ಮೂಲದ ಅಂಚು, ಮೂಲದ ದಪ್ಪದಲ್ಲಿ ಕೂರಿಸಿದ ತಳ ರಿಪೇರಿ ಎನಿಸಬೇಕು. ಮನಸ್ಸಿಗೆ ಬಂದ ತಗಡನ್ನು ಬಂದ ಆಕಾರದಲ್ಲಿ ಬೆಸೆದ ತಳ ಹಾಗೆನಿಸುವುದು ಕಷ್ಟ. ಈ ಭೇದವನ್ನು ನಾಳೆ ತೋರಿಸಿಕೊಡಲು ಕಾರಿನ ಒಡೆಯನ ಕೈಯಲ್ಲಿ ದಾಖಲೆ ಬೇಕು.

ಆದ್ದರಿಂದ ಹಳೆಯ ಪದ್ಮಿನಿಯನ್ನು ಕೊಳ್ಳಲಿರುವವರು ಬಣ್ಣವನ್ನು ನೋಡುವ ಮೊದಲು ಮ್ಯಾಟು ಎತ್ತಿ ತಳವನ್ನು ಬಡಿದು ನೋಡಲಿ, ಮನೆಯ ಕಾರನ್ನು ಉಳಿಸಿಕೊಳ್ಳಬೇಕೆನ್ನುವವರು ಪ್ರತಿ ಮಳೆಗಾಲದ ಮುನ್ನ ಕಿಂಡಿಗಳನ್ನು ಬಿಡಿಸಿ ಸೆಣಬಿನ ಹಾಸನ್ನು ಬಿಸಿಲಿಗೆ ಹಾಕಲಿ. ತಳ ಬದಲಿಸಿದವರು ಕೆಲಸದ ಪ್ರತಿ ಹಂತದ ಚಿತ್ರಗಳನ್ನೂ ಬಳಸಿದ ತಗಡಿನ ಗೇಜನ್ನೂ ಅದನ್ನು ಬೆಸೆದ ಟಿಂಕರನ ಹೆಸರನ್ನೂ ಬರೆದು ಆರ್.ಸಿ. ಪುಸ್ತಕದ ಜೊತೆಗೆ ಇಟ್ಟುಕೊಳ್ಳಲಿ.